ನಿದ್ದೆಗೆ ಹಾಪ್ಸ್ ಕಷಾಯ: ಅಳತೆ ಎಷ್ಟು, ಕುದಿಸಬೇಕಾ, ಪೆಲೆಟ್ ನಡೆಯುತ್ತಾ?

ಮೂಡಿಗೆರೆ_ಮಳೆ:
ನೆಂಟರೊಬ್ಬರು ಜರ್ಮನಿಯಿಂದ ಒಣಗಿದ ಹಾಪ್ಸ್ ಹೂವು ಒಂದು ಪೊಟ್ಟಣ, ಹಸಿರು ಪೆಲೆಟ್ ಒಂದು ಪೊಟ್ಟಣ ತಂದುಕೊಟ್ಟಿದ್ದಾರೆ. ಬಿಯರಿಗೆ ಹಾಕುವುದು ಇದನ್ನೇ, ಅಲ್ಲಿ ನಿದ್ದೆಗೂ ಕುಡಿಯುತ್ತಾರಂತೆ. ಅಮ್ಮನಿಗೆ 68, ರಾತ್ರಿ ಎರಡು ಗಂಟೆಯಾದರೂ ಕಣ್ಣು ಮುಚ್ಚಲ್ಲ. ನಮ್ಮ ಕಷಾಯದ ಹಾಗೆ ಕಾಲು ಭಾಗಕ್ಕೆ ಬತ್ತಿಸಬೇಕಾ? ಪೆಲೆಟ್ ಹಾಕಬಹುದಾ? ಹೂವಿನ ಪೊಟ್ಟಣ ಒಡೆದಿಟ್ಟು ಒಂದು ಮಳೆಗಾಲ ಕಳೆದಿದೆ, ಈಗ ಹಳೇ ಕಾಲುಚೀಲದ ವಾಸನೆ. ಇನ್ನೊಂದು, ತೋಟದ ಸಿಲ್ವರ್ ಓಕಿಗೆ ಮೆಣಸಿನ ಬದಲು ಈ ಬಳ್ಳಿ ಹಬ್ಬಿಸಿದರೆ ಬರುತ್ತಾ?

ಬೇರು_ನಾರು_ಸಕಲೇಶಪುರ:
ಬತ್ತಿಸಬೇಡಿ. ಬತ್ತಿಸುವುದು ಬೇರು, ತೊಗಟೆಗೆ. ಹಾಪ್ಸ್ ಹೂವಿನಲ್ಲಿ ಕೆಲಸಕ್ಕೆ ಬರುವುದು ಎಸಳಿನ ಬುಡದಲ್ಲಿ ಅಂಟಿಕೊಂಡಿರುವ ಹಳದಿ ಪುಡಿ, ಲುಪ್ಯುಲಿನ್. ಕಹಿ ಆಮ್ಲ, ಸುಗಂಧ ತೈಲ ಎರಡೂ ಅದರಲ್ಲೇ. ಹೆಚ್ಚು ಹೊತ್ತು ಕುದಿಸಿದರೆ ತೈಲ ಹಬೆಯಲ್ಲಿ ಹೋಗುತ್ತದೆ, ಆ ಕಹಿ ಆಮ್ಲ (ಆಲ್ಫಾ ಆಸಿಡ್) ರೂಪ ಬದಲಿಸಿ ಕಹಿ ಮಾತ್ರ ಏರುತ್ತದೆ. ಬಿಯರಿನವರಿಗೆ ಬೇಕಾದದ್ದು ಆ ಕಹಿ, ನಿಮಗಲ್ಲ.

ಆಯುರ್ವೇದದಲ್ಲಿ ಫಾಂಟ ಅಂತಾರಲ್ಲ, ಬಿಸಿನೀರು ಹೊಯ್ದು ನೆನೆಸಿ ಸೋಸುವುದು, ಆ ಕ್ರಮ ಸರಿ. ಅರ್ಧ ಗ್ರಾಂ ಹೂವನ್ನು ಕೈಯಲ್ಲೇ ಬಿಡಿಸಿ. ಬಿಡಿಸುವಾಗ ಉದುರುವ ಹಳದಿ ಪುಡಿಯನ್ನೂ ಲೋಟಕ್ಕೇ ಹಾಕಿ, ಅದನ್ನು ಕೊಡವಿಬಿಟ್ಟರೆ ಉಳಿಯುವುದು ಬರೀ ತರಗು. ಕುದಿದ ನೀರು 150–200 ಮಿ.ಲೀ. ಹೊಯ್ದು, ತಟ್ಟೆ ಮುಚ್ಚಿ, ಹತ್ತು ನಿಮಿಷ ಬಿಟ್ಟು ಸೋಸಿ. ತಟ್ಟೆಯ ಒಳಗೆ ಕೂತ ಹನಿಯನ್ನೂ ಲೋಟಕ್ಕೆ ಬೀಳಿಸಿ. ಯುರೋಪಿನ ಔಷಧ ಸಂಸ್ಥೆಯವರು ಸಾಂಪ್ರದಾಯಿಕ ಬಳಕೆ ಎಂದು ಒಪ್ಪಿರುವ ಪ್ರಮಾಣ ಮಲಗುವ ಮುಂಚೆ ಅರ್ಧದಿಂದ ಒಂದು ಗ್ರಾಂ. ಅಮ್ಮನವರಿಗೆ ಅರ್ಧವೇ ಸಾಕು. ಹಾಸಿಗೆಗೆ ಹೋಗುವ ಒಂದು ಗಂಟೆ ಮೊದಲು ಕೊಡಿ, ಇಲ್ಲದಿದ್ದರೆ ಮೂತ್ರಕ್ಕೆ ಏಳುವುದರಲ್ಲೇ ನಿದ್ದೆ ಕೆಡುತ್ತದೆ. ಕಹಿ ತಡೆಯದಿದ್ದರೆ ಚೂರು ಬೆಲ್ಲ.

ಪೆಲೆಟ್ ವಿಷಯದಲ್ಲಿ ಎಚ್ಚರ. ಅದು ಹೂವನ್ನೇ ಪುಡಿ ಮಾಡಿ ಒತ್ತಿದ್ದು. ಬಿಡಿಸಿದ ಹೂವು ಟೀ ಚಮಚಕ್ಕೆ ಹೆಚ್ಚುಕಮ್ಮಿ ಅರ್ಧ ಗ್ರಾಂ ಹಿಡಿದರೆ, ಪೆಲೆಟ್ ಅದೇ ಚಮಚಕ್ಕೆ ಅದರ ಹಲವು ಪಟ್ಟು ತೂಗುತ್ತದೆ. ಚಮಚದ ಲೆಕ್ಕ ಬೇಡ, ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಇಟ್ಟುಕೊಳ್ಳಿ. ಸೋಸಲು ಜರಡಿ ಸಾಲದು, ಬಟ್ಟೆ ಬೇಕು. ಬಿಯರಿಗೆಂದೇ ಲುಪ್ಯುಲಿನ್ ಸಾಂದ್ರ ಮಾಡಿದ ಪೆಲೆಟ್ ಕೂಡ ಬರುತ್ತದೆ, ಲೇಬಲ್ ನೋಡಿ. ಅದಾದರೆ ಕಷಾಯಕ್ಕೆ ಬೇಡವೇ ಬೇಡ.

ಕಾಫಿ_ಕಣ:
ಬಳ್ಳಿ ಆಸೆ ಬಿಡಿ ಸರ್. ಹಾಪ್ಸ್ ಬೆಳೆಯುವ ದೇಶಗಳಲ್ಲಿ ಬೇಸಿಗೆಯ ಹಗಲು 15–16 ಗಂಟೆ. ಆ ಉದ್ದ ಹಗಲಲ್ಲಿ ಐದಾರು ಮೀಟರ್ ಹಬ್ಬಿ, ಹಗಲು ಕುಗ್ಗುವಾಗ ಹೂ ಬಿಡುತ್ತದೆ. ಚಿಕ್ಕಮಗಳೂರಲ್ಲಿ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟಲ್ಲ. ಬಳ್ಳಿ ಪೂರ್ತಿ ಹಬ್ಬುವ ಮುಂಚೆಯೇ ಹೂವಿಗೆ ತಿರುಗುತ್ತೆ, ಇಳುವರಿ ತೀರಾ ಕಡಿಮೆ. ಜೂನ್–ಆಗಸ್ಟ್ ಮಳೆಗೆ ಬೂಜು ರೋಗ ಬೇರೆ. ನಮ್ಮ ದೇಶದಲ್ಲಿ ಬೆಳೆದಿರುವುದು ಹಿಮಾಚಲದ ಲಾಹೌಲ್ ಕಡೆ. ಮೆಣಸನ್ನೇ ಹಬ್ಬಿಸಿ.

ಔಷಧ_ಅಂಗಡಿ_ಹಾಸನ:
ಯಾರು ಕುಡಿಯಬಾರದು ಅಂತ ಇನ್ನೂ ಯಾರೂ ಹೇಳಿಲ್ಲ. ಹಾಪ್ಸ್‌ನಲ್ಲಿ 8-ಪ್ರೆನಿಲ್‌ನರಿಂಜೆನಿನ್ ಎಂಬ ಅಂಶವಿದೆ, ಸಸ್ಯಮೂಲದ ಈಸ್ಟ್ರೊಜೆನ್‌ಗಳಲ್ಲಿ (ಹೆಣ್ಣು ಹಾರ್ಮೋನಿನ ಹಾಗೆ ಕೆಲಸ ಮಾಡುವಂಥವು) ಬಲು ಜೋರಿನದು. ಸ್ತನ ಕ್ಯಾನ್ಸರ್ ಆಗಿದ್ದವರು, ಗರ್ಭಿಣಿಯರು, ಹಾಲೂಡಿಸುವವರು ಮುಟ್ಟಬಾರದು. ಖಿನ್ನತೆ ಇರುವವರಿಗೆ ಹಳೇ ಕಾಲದಿಂದಲೂ ಕೊಡುವುದಿಲ್ಲ. 12ನೇ ಶತಮಾನದ ಜರ್ಮನ್ ಸನ್ಯಾಸಿನಿ ಹಿಲ್ಡೆಗಾರ್ಡ್ ಕೂಡ ಇದು ಮನಸ್ಸಿನ ದುಗುಡ ಹೆಚ್ಚಿಸುತ್ತದೆ ಎಂದೇ ಬರೆದಿದ್ದಾಳೆ. ನಿದ್ದೆ ಮಾತ್ರೆ ಅಥವಾ ಮದ್ಯದ ಜೊತೆ ಬೆರೆತರೆ ಮಂಪರು ಒಂದಕ್ಕೆರಡು. ಕುಡಿದು ಚಾರ್ಮಾಡಿ ಘಾಟಿಯಲ್ಲಿ ಗಾಡಿ ಓಡಿಸುವ ಯೋಚನೆ ಬೇಡ. ಅಮ್ಮ ಬೇರೆ ಏನೇನು ಮಾತ್ರೆ ತಗೋತಾರೆ? ಚೀಟಿ ವೈದ್ಯರಿಗೆ ತೋರಿಸಿ ಆಮೇಲೆ ಶುರು ಮಾಡಿ.

ಇನ್ನೊಂದು ಮಾತು: ಹಾಪ್ಸ್ ಒಂದನ್ನೇ ಕೊಟ್ಟು ನಿದ್ದೆ ಬಂತು ಎನ್ನುವುದಕ್ಕೆ ಗಟ್ಟಿ ಪುರಾವೆ ಕಡಿಮೆ. ಅಲ್ಲಿನವರು ಬಹುಪಾಲು ವಲೇರಿಯನ್ ಬೇರಿನ ಜೊತೆ ಕೊಡುತ್ತಾರೆ, ನಮ್ಮ ತಗರ ಅದೇ ಜಾತಿ. ಸಂಜೆ ಐದರ ಸ್ಟ್ರಾಂಗ್ ಕಾಫಿ ನಿಲ್ಲಿಸದೆ ಯಾವ ಕಷಾಯ ಕೊಟ್ಟರೂ ದಂಡ. ಕೆಫೀನ್ ಅರ್ಧ ಇಳಿಯಲಿಕ್ಕೇ ಸುಮಾರು ಐದು ಗಂಟೆ ಬೇಕು.

ಮೂಡಿಗೆರೆ_ಮಳೆ:
ಕಾಫಿ ಬಿಡಿಸೋದು ನಮ್ಮನೇಲಿ ಆಗದ ಮಾತು, ಆದರೂ ನೋಡ್ತೀನಿ. ಬಿ.ಪಿ. ಮಾತ್ರೆ ಇದೆ, ಡಾಕ್ಟರನ್ನ ಕೇಳೇ ಕೊಡ್ತೀನಿ. ಆ ವಾಸನೆ ಹೂವು ಬಿಸಾಕಲಾ? ದಿಂಬಿಗಾದರೂ ತುಂಬಬಹುದಾ?

ಬೇರು_ನಾರು_ಸಕಲೇಶಪುರ:
ಕಾಲುಚೀಲದ ವಾಸನೆ ಐಸೊವಲೆರಿಕ್ ಆಸಿಡ್‌ದು, ಗಾಳಿ ತಾಗಿ ಕಹಿ ಆಮ್ಲ ಒಡೆದಾಗ ಬರುವುದು. ತಗರದ ಬೇರು ನಾರುವುದೂ ಇದರಿಂದಲೇ. ಹಾಗಾಗಿ ವಾಸನೆ ಒಂದೇ ಕಾರಣಕ್ಕೆ ಬಿಸಾಕಬೇಕಿಲ್ಲ. ಒಂದು ಹೂವು ಸೀಳಿ ನೋಡಿ. ಪುಡಿ ಹಳದಿಯಾಗಿ ಬೆರಳಿಗೆ ಅಂಟಿದರೆ ಸರಿ. ಕಂದು ತಿರುಗಿ ಒಣ ಮಣ್ಣಿನ ಹಾಗೆ ಉದುರಿದರೆ ಸತ್ವ ಹೋಗಿದೆ. ಬಿಳಿ ಬೂಷ್ಟು ಒಂದೆಳೆ ಕಂಡರೂ ಪೂರ್ತಿ ಪೊಟ್ಟಣ ಹೊರಗೆ, ಆರಿಸಿ ಉಳಿಸಬೇಡಿ. ಚೆನ್ನಾಗಿರುವುದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿಗೆ.

ದಿಂಬು ಅಲ್ಲಿನ ಹಳೇ ಪದ್ಧತಿ. ನೂರು ಗ್ರಾಂ ಹೂವನ್ನು ತೆಳು ಹತ್ತಿ ಚೀಲಕ್ಕೆ ಹೊಲಿದು ದಿಂಬಿನ ಕವರಿನೊಳಗೆ ಇಡುತ್ತಾರೆ. ಬೇಸಿಗೆಯಲ್ಲಾದರೆ ಮಾಡಿ. ಆಷಾಢದಲ್ಲಿ ಬೇಡ, ನಮ್ಮ ಕಡೆಯ ಥಂಡಿಗೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ, ಅದನ್ನು ರಾತ್ರಿಯಿಡೀ ಉಸಿರಾಡಿದರೆ ಕೆಮ್ಮು ಗ್ಯಾರಂಟಿ.

ಔಷಧ_ಅಂಗಡಿ_ಹಾಸನ:
ಮನೇಲಿ ನಾಯಿ ಇದೆಯಾ? ಇದ್ದರೆ ಸೋಸಿದ ಚರಟವನ್ನು ಗೊಬ್ಬರದ ಗುಂಡಿಗೂ ಹಾಕಬೇಡಿ. ನಾಯಿ ಹಾಪ್ಸ್ ತಿಂದರೆ ಮೈ ಸುಡುವ ಜ್ವರ ಏರಿ, ಏದುಸಿರು ಬಂದು, ಕೆಲವೇ ಗಂಟೆಯಲ್ಲಿ ಪ್ರಾಣ ಹೋಗಬಹುದು. ಕುದಿಸಿ ಸೋಸಿದ ಚರಟವೂ ಅಷ್ಟೇ ಅಪಾಯ. ಒಲೆಗೆ ಹಾಕಿ ಸುಡಿ. ತಿಂದದ್ದು ಗೊತ್ತಾದರೆ ಜ್ವರ ಬರಲಿ ಅಂತ ಕಾಯದೆ ಪಶುವೈದ್ಯರ ಹತ್ತಿರ ಓಡಿ.