‘ಗ್ರಾಹಕ’ ಮತ್ತು ‘ಗುರಿಯಾಗಿಸು’: ಸರಿಯಾದ ಪದ ಯಾವುದು?

ಮಾನ್ಯರೆ,

ತುಮಕೂರಿನಲ್ಲಿ ಕ್ಯಾನ್ಸರ್ ರೋಗಿಗಳ ಮನೆಯವರಿಗಾಗಿ ಕಿರುಹೊತ್ತಗೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ‘ಸಹಜ ರೋಗನಿರೋಧಕ ಗ್ರಾಹಕಗಳನ್ನು ಗುರಿಯಾಗಿಸುವ ಚಿಕಿತ್ಸೆ’ ಎಂಬ ಸಾಲನ್ನು ಕರಡಿನಲ್ಲಿ ಓದಿದ ನಮ್ಮ ಅತ್ತಿಗೆ, ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುವವರು, ‘ಗಿರಾಕಿಗಳ ಮೇಲೆ ಯಾಕಪ್ಪಾ ಕಣ್ಣು?’ ಎಂದು ಕೇಳಿದರು. ನಕ್ಕೆನಾದರೂ ಪ್ರಶ್ನೆ ಸರಿಯಾದದ್ದೇ.

‘ಗ್ರಾಹಕರು’ ಜನ, ‘ಗ್ರಾಹಕಗಳು’ (ಇಂಗ್ಲಿಷಿನ ‘ರಿಸೆಪ್ಟರ್’) ಸಂಕೇತ ಹಿಡಿಯುವ ಜೀವಕೋಶದ ಪ್ರೋಟೀನುಗಳು ಎಂಬ ಭೇದವನ್ನು ವ್ಯಾಕರಣವೇನೋ ಕಾಪಾಡುತ್ತದೆ. ಆದರೆ ‘ಗ್ರಾಹಕ ಚಿಕಿತ್ಸೆ’ ಎಂದು ಸಮಾಸ ಮಾಡಿದೊಡನೆ ಪ್ರತ್ಯಯ ಬಿದ್ದುಹೋಗಿ ಭೇದವೂ ಅಳಿಯುತ್ತದೆ. ಇವುಗಳಲ್ಲೇ ಒಂದು ಬಗೆಯನ್ನು ‘ಟೋಲ್ ಮಾದರಿಯ ಗ್ರಾಹಕ’ ಎಂದರಂತೂ ಇಲ್ಲಿಯವರಿಗೆ ಕ್ಯಾತ್ಸಂದ್ರದ ಹೆದ್ದಾರಿ ಟೋಲ್ ನೆನಪಾಗದೆ ಇರದು. (ಹಣ್ಣಿನ ನೊಣದ ಜೀನೊಂದರಿಂದ ಬಂದ ಈ ಹೆಸರು ಜರ್ಮನ್ ನುಡಿಯಲ್ಲಿ ‘ಭಲೇ’ ಎಂಬಂಥ ಉದ್ಗಾರ, ‘ಟೊಲ್’ ಎಂದು ಹ್ರಸ್ವವಾಗಿ ಬರೆಯುವುದೇ ಲೇಸು.) ‘ಸಹಜ’ ಮಾತ್ರ ಇರಲಿ: ಜೊತೆಯಲ್ಲೇ ಹುಟ್ಟಿದ್ದು ಎಂಬ ಮೂಲಾರ್ಥ ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಹೆಚ್ಚು ಕಾಡುತ್ತಿರುವುದು ‘ಗುರಿಯಾಗಿಸು’. ಟೀಕೆಗೆ ಗುರಿ, ದಾಳಿಗೆ ಗುರಿ ಎನ್ನುವಾಗ ಗುರಿಯಾದದ್ದು ಪೆಟ್ಟು ತಿನ್ನುತ್ತದೆ. ಇಲ್ಲಿ ಬಹುಮಟ್ಟಿಗೆ ನಡೆಯುವುದು ಅದಕ್ಕೆ ವಿರುದ್ಧ. ರೋಗಾಣುವಿನ ಕುರುಹು ಹಿಡಿಯುವ ಈ ಪ್ರೋಟೀನುಗಳನ್ನು ಔಷಧ ಎಚ್ಚರಗೊಳಿಸುತ್ತದೆ; ಎಚ್ಚೆತ್ತ ಕೋಶಗಳು ಗಡ್ಡೆಯ ತುಣುಕುಗಳನ್ನು, ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಬಿಳಿ ರಕ್ತಕಣಗಳಾದ ಟಿ ಕೋಶಗಳಿಗೆ ತೋರಿಸಿಕೊಡುತ್ತವೆ. ಟಿ ಕೋಶಗಳೇ ಹೊಕ್ಕಿರದ ಗಡ್ಡೆಯಲ್ಲಿ ಆ ಕೋಶಗಳನ್ನು ಹಿಡಿದಿಡುವ ಪಿಡಿ-1 ಎಂಬ ತಡೆಯನ್ನು ತೆಗೆಯುವ ಔಷಧವೊಂದೇ ಸಾಲದೆ ಹೋಗುವುದರಿಂದ, ಅದರ ಜೊತೆಗೆ ಇದನ್ನೂ ಕೂಡಿಸಿ ಪ್ರಯೋಗ ನಡೆಸುತ್ತಿದ್ದಾರೆ. ಎಳೆಗೂಸಿನ ಎಡತೋಳಿನಲ್ಲಿ ಕಲೆ ಉಳಿಸುವ ಬಿಸಿಜಿ ಲಸಿಕೆಯನ್ನೇ ಮೂತ್ರಕೋಶದ ಕ್ಯಾನ್ಸರಿನಲ್ಲಿ ಕೊಳವೆಯ ಮೂಲಕ ಒಳಕ್ಕೆ ಬಿಟ್ಟಾಗಲೂ, ಚರ್ಮದ ಒಂದು ಬಗೆಯ ಕ್ಯಾನ್ಸರಿಗೆಂದು 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮಿಕ್ವಿಮಾಡ್ ಮುಲಾಮನ್ನು ಹಚ್ಚಿದಾಗಲೂ ಆಗುವುದು ಎಚ್ಚರಿಸುವ ಕೆಲಸವೇ. ಹಾಗೆಂದು ‘ಎಚ್ಚರಗೊಳಿಸು’ ಎಂದೇ ಎಲ್ಲೆಡೆ ಬರೆಯಲೂ ಬಾರದು. ಕ್ಯಾನ್ಸರ್ ಕೋಶ ‘ನನ್ನನ್ನು ನುಂಗಬೇಡ’ ಎಂದು ಸಿಡಿ-47 ಎಂಬ ಪ್ರೋಟೀನಿನ ಮೂಲಕ ಕೊಡುವ ಸಂಕೇತವನ್ನು ಭಕ್ಷಕ ಕೋಶದಲ್ಲಿ ಸಿರ್ಪ್-ಆಲ್ಫಾ ಎಂಬ ಗ್ರಾಹಕ ಸ್ವೀಕರಿಸುತ್ತದೆ. ಅದನ್ನು ತಡೆಯುವುದೇ ಅಲ್ಲಿ ಚಿಕಿತ್ಸೆ.

ಎರಡಕ್ಕೂ ಸಲ್ಲುವ ಒಂದೇ ಕ್ರಿಯಾಪದ ಕನ್ನಡದಲ್ಲಿದೆಯೇ, ಅಥವಾ ಸಂದರ್ಭ ನೋಡಿ ‘ಎಚ್ಚರಗೊಳಿಸು’, ‘ತಡೆ’ ಎಂದು ಬಿಡಿಸಿಯೇ ಬರೆಯಬೇಕೇ? ನನ್ನ ಒಲವು ಬಿಡಿಸಿ ಬರೆಯುವ ಕಡೆಗಿದೆ. ‘ಗ್ರಾಹಕ’ದ ಬದಲು, ಗುಣಗ್ರಾಹಿ, ಸಾರಗ್ರಾಹಿಗಳ ಜಾಡಿನಲ್ಲಿ ‘ಕುರುಹುಗ್ರಾಹಿ’ ಎಂದು ಬರೆದುಕೊಂಡಿದ್ದೇನೆ. ಇದು ಅರಿಸಮಾಸವೆಂದು ಕಿವಿಗೆ ಒರಟಾಗುವುದೇ, ‘ಸಂಕೇತಗ್ರಾಹಿ’ಯೇ ಮೇಲೇ ಎಂಬುದನ್ನು ಬಲ್ಲವರು ತಿಳಿಸಬೇಕು.