ಕ್ಲಚ್ ಲಿವರ್ ಇಲ್ಲದ ಗೇರ್ ಬೈಕು ನಿಧಾನಕ್ಕೆ ಹೋಗುವಾಗ ಜಗ್ಗುತ್ತೆ, ಏನು ಮಾಡೋದು?

ದುರ್ಗಿಗುಡಿ ಸವಾರ:
ನಮಸ್ಕಾರ. ಸೆಕೆಂಡ್ ಹ್ಯಾಂಡ್ 110 ಸಿಸಿ ಬೈಕು, ನಾಲ್ಕು ಗೇರು, ಕೈಯಲ್ಲಿ ಕ್ಲಚ್ ಇಲ್ಲ. ಕಾಲಲ್ಲಿ ಗೇರ್ ಒತ್ತಿದರೆ ಆಯ್ತು. ಶಿವಮೊಗ್ಗದ ಸವಳಂಗ ರಸ್ತೆ ಖಾಲಿ ಇದ್ದರೆ ಏನೂ ತೊಂದರೆ ಇಲ್ಲ. ಸಂಜೆ ಗಾಂಧಿ ಬಜಾರಿನ ಜನರ ಮಧ್ಯೆ, ಗೋಪಿ ಸರ್ಕಲ್ ಹತ್ತಿರ 5–10 ಕಿ.ಮೀ. ವೇಗದಲ್ಲಿ ಹೋಗಬೇಕಾದಾಗ ಆಕ್ಸಿಲರೇಟರ್ ಚೂರು ಕೊಟ್ಟರೆ ಮುಂದಕ್ಕೆ ಹಾರುತ್ತೆ, ಬಿಟ್ಟರೆ ಮುಗ್ಗರಿಸುತ್ತೆ. ಎರಡರಿಂದ ಒಂದಕ್ಕೆ ಇಳಿಸಿದರೆ ಹಿಂದೆ ಕೂತವರ ಹಣೆ ನನ್ನ ಹೆಲ್ಮೆಟ್ಟಿಗೆ ಬಡಿಯುತ್ತೆ. ಏರಿನಲ್ಲಿ ನಿಲ್ಲಿಸಿದರೆ ಹಿಂದಕ್ಕೆ ಜಾರುತ್ತೆ. ತಪ್ಪು ನನ್ನ ಕೈಯದಾ, ಗಾಡಿಯದಾ?

ಗ್ರೀಸ್ ಕೈ:
ಅರ್ಧ ಕೈಯದು, ಅರ್ಧ ಗಾಡಿಯದು ಇರಬಹುದು. ಮೊದಲು ಕೈ ನೋಡೋಣ, ಅದಕ್ಕೆ ದುಡ್ಡು ಖರ್ಚಿಲ್ಲ.

ಹೀರೋ ಹೋಂಡಾ ಸ್ಟ್ರೀಟ್, ಟಿವಿಎಸ್ ಜೈವ್ ಜಾತಿಯ ಗಾಡಿಗಳಲ್ಲಿ ಸಾಮಾನ್ಯವಾಗಿ ಎರಡು ಕ್ಲಚ್. ಒಂದು ಎಂಜಿನ್ ತಿರುಗಿದ ರಭಸಕ್ಕೆ ಶೂಗಳು ಹೊರಗೆ ಸರಿದು ಡ್ರಮ್ಮನ್ನು ಕಚ್ಚುವಂಥದ್ದು. ಇನ್ನೊಂದು ಮಾಮೂಲಿ ಪ್ಲೇಟ್ ಕ್ಲಚ್, ಗೇರ್ ಪೆಡಲ್ಲಿಗೇ ಜೋಡಿಸಿದ್ದು. ಪೆಡಲ್ ಒತ್ತುತ್ತಿದ್ದಂತೆ ಮೊದಲು ಪ್ಲೇಟ್ ಬಿಡುತ್ತೆ, ಆಮೇಲೆ ಗೇರ್ ಬೀಳುತ್ತೆ. ಕಾಲು ಎತ್ತಿದಾಗ ಪ್ಲೇಟ್ ಮತ್ತೆ ಹಿಡಿಯುತ್ತೆ. ಅಂದ್ರೆ ಕ್ಲಚ್ ಲಿವರ್ ಎಲ್ಲೂ ಹೋಗಿಲ್ಲ, ನಿಮ್ಮ ಎಡಗಾಲಿನ ಕೆಳಗೆ ಕೂತಿದೆ. ಪೆಡಲ್ಲನ್ನು ಪಟ್ ಅಂತ ಬಿಡೋದೂ, ಬೇರೆ ಬೈಕಿನಲ್ಲಿ ಕ್ಲಚ್ ಪಟ್ ಅಂತ ಬಿಡೋದೂ ಒಂದೇ.

ಬಜಾರಿನ ಸಮಸ್ಯೆ ಶೂಗಳದ್ದು. ಐಡ್ಲಿಂಗ್, ಅಂದ್ರೆ ಆಕ್ಸಿಲರೇಟರ್ ಕೊಡದಾಗ ಎಂಜಿನ್ ತಿರುಗೋ ವೇಗ, ಸುಮಾರು 1400 ಆರ್‌ಪಿಎಂ. ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಶೂ ಕಚ್ಚಲು ಶುರು. ನೀವು ಆಕ್ಸಿಲರೇಟರ್ ಕೊಟ್ಟು ಬಿಟ್ಟು ಮಾಡ್ತಿರೋದು ಸರಿಯಾಗಿ ಆ ಗಡಿಯಲ್ಲೇ. ಕೊಟ್ಟಾಗಲೆಲ್ಲ ಕಚ್ಚುತ್ತೆ, ಬಿಟ್ಟಾಗಲೆಲ್ಲ ಸಡಿಲ. ಹಾಗಾಗಿ ಒಂದನೇ ಗೇರಲ್ಲಿ ಆಕ್ಸಿಲರೇಟರನ್ನು ಶೂ ಕಚ್ಚಿಕೊಂಡೇ ಇರುವಷ್ಟು ಕೊಟ್ಟು ಅಲ್ಲೇ ಹಿಡೀರಿ. ವೇಗ ಹೆಚ್ಚು ಕಮ್ಮಿ ಮಾಡೋದು ಬಲಗಾಲಿನ ಹಿಂದಿನ ಬ್ರೇಕಲ್ಲಿ. ಹೆಬ್ಬೆರಳನ್ನು ಸ್ವಿಚ್ ಬಾಕ್ಸಿಗೆ ತಾಗಿಸಿ ಇಟ್ಟರೆ ಗುಂಡಿ ಬಿದ್ದಾಗ ಕೈ ಕುಲುಕಿ ಆಕ್ಸಿಲರೇಟರ್ ತಿರುಗಲ್ಲ. ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಬ್ರೇಕ್ ಮುಟ್ಟಬೇಡಿ. ಖಾಲಿ ಮೈದಾನದಲ್ಲಿ 20 ಅಡಿ ಅಂತರಕ್ಕೆ ಎರಡು ಕಲ್ಲಿಟ್ಟು, ಆರ್‌ಟಿಒ ಟೆಸ್ಟಿನ ಎಂಟು ಹಾಕಿ, ಕಾಲು ಊರದೆ.

ಗೇರ್ ಇಳಿಸುವಾಗ: ವೇಗ 10–12ಕ್ಕೆ ಇಳಿಯಲಿ. ಆಕ್ಸಿಲರೇಟರ್ ಪೂರ್ತಿ ಬಿಡಿ. ಹಿಮ್ಮಡಿಯಿಂದ ಪೆಡಲ್ ಕೊನೆವರೆಗೂ ಒತ್ತಿ, ಒತ್ತಿಕೊಂಡೇ ಇರಿ. ಈಗ ಪ್ಲೇಟ್ ಬಿಟ್ಟಿದೆ, ಆಕ್ಸಿಲರೇಟರ್ ಚೂರೇ ಚೂರು ಕೊಟ್ಟರೆ ಎಂಜಿನ್ ಸದ್ದು ಏರುತ್ತೆ, ಗಾಡಿ ಹಾರಲ್ಲ. ಸದ್ದು ಏರಿದ ಮೇಲೆ ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ. ಹಿಂದೆ ಕೂತವರ ಹಣೆ ಉಳಿಯುತ್ತೆ.

ಏರಿನಲ್ಲಿ ನಿಲ್ಲುವ ಮೊದಲೇ ಒಂದನೇ ಗೇರಿಗೆ ಬಂದಿರಬೇಕು. ಎಡಗಾಲು ನೆಲಕ್ಕೆ, ಬಲಗಾಲು ಬ್ರೇಕ್ ಮೇಲೆ. ಹೊರಡುವಾಗ ಬ್ರೇಕ್ ಹಿಡಿದೇ ಆಕ್ಸಿಲರೇಟರ್ ಕೊಡಿ. ಎಂಜಿನ್ ಸದ್ದು ಭಾರವಾಗಿ, ಗಾಡಿ ಮುಂದಕ್ಕೆ ತುಯ್ಯಿತು ಅನ್ನಿಸಿದ ಕ್ಷಣ ಬ್ರೇಕ್ ಬಿಡಿ. ಎರಡು ಮೂರು ಸೆಕೆಂಡ್ ಅಷ್ಟೇ. ಬ್ರೇಕ್ ಬದಲು ಆಕ್ಸಿಲರೇಟರಲ್ಲೇ ಏರಿನಲ್ಲಿ ನಿಲ್ಲಿಸಿಕೊಳ್ಳೋ ಅಭ್ಯಾಸ ಇದ್ದರೆ ಶೂ ಉಜ್ಜಿ ಉಜ್ಜಿ ಗಾಜಿನ ಹಾಗೆ ನುಣುಪಾಗುತ್ತೆ. ಆಮೇಲೆ ಜಾರೋದು, ನಡುಗೋದು ಎರಡೂ ಶುರು.

ತೀರ್ಥಹಳ್ಳಿ ಮಾಣಿ:
ಇಷ್ಟೆಲ್ಲ ಎಂತಕ್ಕೆ? ಎರಡನೇ ಗೇರಲ್ಲೇ ಎಬ್ಬಿಸಿ, ಎರಡರಲ್ಲೇ ತೆವಳಿಸಿ. ಜಗ್ಗುವುದೇ ಇಲ್ಲ.

ಗ್ರೀಸ್ ಕೈ:
ಬೇಡ ಮಾರಾಯ್ರೆ. ಜಗ್ಗದೇ ಇರೋದು ಶೂ ಪೂರ್ತಿ ಕಚ್ಚದೆ ಜಾರ್ತಾ ಇರೋದರಿಂದ. ಒಂದನೇ ಗೇರಲ್ಲಿ ಬೇಗ ಪೂರ್ತಿ ಹಿಡಿಯೋ ಶೂ, ಎರಡರಲ್ಲಿ ಇನ್ನೂ ವೇಗ ಬರೋವರೆಗೂ ಉಜ್ಜುತ್ತಲೇ ಇರುತ್ತೆ. ಮೇಲೆ ಇಬ್ಬರು, ಅಡಿಕೆ ಮೂಟೆ ಬೇರೆ ಇದ್ದರೆ ಕೇಳೋದೇ ಬೇಡ. ಮಳೆಗಾಲದಲ್ಲಿ ತೋಟದ ದಾರಿಯ ಕೆಂಪು ಕೆಸರಲ್ಲಿ ಹಿಂದಿನ ಚಕ್ರ ಸುತ್ತಬಾರದು ಅಂತ ಸಮತಟ್ಟಿನಲ್ಲಿ ಒಂದು ಸಲ ಎರಡರಲ್ಲಿ ಹೊರಟರೆ ಅದು ಸರಿ. ದಿನಾ ಬಜಾರಿನಲ್ಲಿ ಅಲ್ಲ.

ಸಾಗರದ ಸ್ಪ್ಯಾನರ್:
ಕೈ ಸರಿ ಮಾಡಿಕೊಂಡ ಮೇಲೂ ಜಗ್ಗಿದರೆ ಗಾಡಿ ನೋಡಿ. ಕ್ಲಚ್ ಬಿಚ್ಚೋ ಮಾತು ಕೊನೆಗೆ.

ಆಕ್ಸಿಲರೇಟರ್ ಹಿಡಿ ತಿರುಗಿಸಿದಾಗ ಕೇಬಲ್ ಎಳೆಯೋ ಮೊದಲು 2–6 ಮಿ.ಮೀ. ಸಡಿಲ ಇರಬೇಕು. ಹೆಚ್ಚಿದ್ದರೆ ಕೊಡೋದು ತಡವಾಗಿ, ಒಮ್ಮೆಲೇ ಹೋಗುತ್ತೆ. ಚೈನ್ ಸಡಿಲ ಹೆಚ್ಚಿನ ಬೈಕುಗಳಿಗೆ 20–30 ಮಿ.ಮೀ., ನಿಮ್ಮದರ ಅಳತೆ ಚೈನ್ ಕವರ್ ಮೇಲಿನ ಸ್ಟಿಕ್ಕರಿನಲ್ಲೋ ಪುಸ್ತಕದಲ್ಲೋ ಇರುತ್ತೆ. ಚಕ್ರ ಸುತ್ತಿಸಿ ಅತೀ ಬಿಗಿ ಇರುವ ಜಾಗದಲ್ಲಿ ಅಳೆಯಿರಿ, ಸಡಿಲ ಜಾಗದಲ್ಲಿ ಅಳೆದು ಬಿಗಿ ಮಾಡಿದರೆ ಬೇರಿಂಗಿಗೆ ಏಟು.

ಆಮೇಲೆ ಹಿಂದಿನ ಹಬ್ (ಚಕ್ರದ ನಡುಭಾಗ) ಒಳಗಿರೋ, ಜಗ್ಗು ತಡೆಯೋ ರಬ್ಬರ್. ಇದನ್ನು ಯಾರೂ ನೋಡಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ ಗೇರಲ್ಲಿಟ್ಟು, ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ನಿಂತಿದ್ದು ಹಬ್ ಮಾತ್ರ ಟಕ್ ಟಕ್ ಅಂತ ಆಡಿದರೆ ರಬ್ಬರ್ ಸತ್ತಿದೆ. ಅಗ್ಗದ ಸಾಮಾನು, ಸೆಟ್ ಪೂರ್ತಿ ಬದಲಾಯಿಸಿ.

ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್ ನೋಡಿ. ಜಾಸ್ತಿ ಇದ್ದರೆ ಒಂದನೇ ಗೇರ್ ಹಾಕುತ್ತಿದ್ದಂತೆ ಡಬ್ ಅಂದು ಗಾಡಿ ತೆವಳುತ್ತೆ. ಜುಲೈ ತಿಂಗಳ ಬೆಳಿಗ್ಗೆ ಚೋಕ್ ಎಳೆದೇ ಗೇರ್ ಹಾಕಿದರೂ ಅದೇ ಆಗೋದು. ಆಯಿಲ್ ಡಬ್ಬಿ ಮೇಲೆ ಜಾಸೋ ಎಂಎ (ಬೈಕಿನ ಆಯಿಲಿನ ದರ್ಜೆ) ಅಂತ ಇರಲೇಬೇಕು. ಕಾರಿನ ಆಯಿಲ್ ಹಾಕಿದರೆ ಎಣ್ಣೆಯಲ್ಲೇ ಮುಳುಗಿರೋ ಕ್ಲಚ್ ಜಾರುವ ಸಂಭವ ಹೆಚ್ಚು.

ಈಗ ಕ್ಲಚ್ ಅಡ್ಜಸ್ಟರ್. ಹೋಂಡಾ ಕಬ್ ಮಾದರಿಯ ಎಂಜಿನ್ನಿಗೆ ಬಲಗಡೆ ಕವರಿನಲ್ಲಿ ಒಂದು ಲಾಕ್ ನಟ್, ಅದರ ಮಧ್ಯೆ ಸ್ಕ್ರೂ ಇರುತ್ತೆ. ಎಂಜಿನ್ ಆಫ್ ಇರಲಿ. ನಟ್ ಸಡಿಲಿಸಿ, ಸ್ಕ್ರೂವನ್ನು ಗಡಿಯಾರದ ದಿಕ್ಕಿಗೆ ಒಂದು ಸುತ್ತು ತಿರುಗಿಸಿ. ಆಮೇಲೆ ವಾಪಸ್ ತಿರುಗಿಸುತ್ತಾ ಬನ್ನಿ, ಬೆರಳಿಗೆ ಸಣ್ಣಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಅಲ್ಲಿಂದ ಮತ್ತೆ ಗಡಿಯಾರದ ದಿಕ್ಕಿಗೆ 1/8 ಸುತ್ತು. ಸ್ಕ್ರೂ ಅಲ್ಲಾಡದ ಹಾಗೆ ಹಿಡಿದು ನಟ್ ಬಿಗಿ ಮಾಡಿ. ಸಡಿಲ ಇಲ್ಲದಿದ್ದರೆ ಕ್ಲಚ್ ಜಾರುತ್ತೆ. ಸಡಿಲ ಹೆಚ್ಚಾದರೆ ಪೆಡಲ್ ಒತ್ತಿದರೂ ಪ್ಲೇಟ್ ಪೂರ್ತಿ ಬಿಡಲ್ಲ, ಗೇರ್ ಕಟ್ ಅಂತ ಬೀಳುತ್ತೆ. ನಿಮ್ಮ ಎಂಜಿನ್ ಬೇರೆ ಮಾದರಿಯದಾದರೆ ಅದರ ಪುಸ್ತಕ ನೋಡಿಯೇ ಮುಟ್ಟಿ.

ಕವರ್ ಬಿಚ್ಚಲೇಬೇಕಾದರೆ ಒಂದು ಮಾತು. ಕ್ಲಚ್ಚಿನ ನಟ್ಟಿಗೆ ನಾಲ್ಕು ಕಚ್ಚು ಇರುತ್ತೆ, ಅದಕ್ಕೆ ಬೇರೆಯದೇ ಬಾಕ್ಸ್ ಸ್ಪ್ಯಾನರ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯೋರ ಕೈಗೆ ಗಾಡಿ ಕೊಡಬೇಡಿ.

ದುರ್ಗಿಗುಡಿ ಸವಾರ:
ಇಬ್ಬರಿಗೂ ಧನ್ಯವಾದ. ಕೇಬಲ್ ಸಡಿಲ 10 ಮಿ.ಮೀ. ಮೇಲಿತ್ತು, ಸರಿ ಮಾಡಿದೆ, ಹಾರೋದು ಅರ್ಧ ನಿಂತಿತು. ಹಬ್ಬೂ ಟಕ್ ಟಕ್ ಅನ್ನುತ್ತೆ, ರಬ್ಬರ್ ತರ್ತೀನಿ. ಇನ್ನೊಂದು: ಇದರಲ್ಲಿ ಆಗುಂಬೆ ಘಾಟಿ ಇಳಿಯಬಹುದಾ?

ತೀರ್ಥಹಳ್ಳಿ ಮಾಣಿ:
ಇದಕ್ಕೆ ನಾನು ಹೇಳ್ತೇನೆ. ಇಳಿಯಬಹುದು. 14 ತಿರುವು, ಎರಡನೇ ಗೇರು, ಅತಿ ಕಡಿದಾದ ತಿರುವಿಗೆ ಒಂದು. ಗೇರ್ ಇಳಿಸುವ ಕೆಲಸ ತಿರುವಿಗೆ ಮೊದಲು, ನೇರ ರಸ್ತೆಯಲ್ಲೇ ಮುಗಿದಿರಬೇಕು. ಮುಖ್ಯ ಅಂದ್ರೆ ಎಡಗಾಲು ಪೆಡಲ್ ಮೇಲೆ ಇಟ್ಟುಕೊಂಡು ಬರಬೇಡಿ. ಕಾಲಿನ ಭಾರಕ್ಕೆ ಪ್ಲೇಟ್ ಬಿಟ್ಟರೆ ಎಂಜಿನ್ ಹಿಡಿತ ಹೋಗಿ ಗಾಡಿ ನ್ಯೂಟ್ರಲ್ಲಿನ ಹಾಗೆ ಓಡುತ್ತೆ. ಪಾದ ಫುಟ್‌ರೆಸ್ಟಿನ ಮೇಲೆ, ಬೆರಳು ಹೊರಗೆ.

ರೋಟರಿ ಗೇರ್ ಆದರೆ ಇನ್ನೊಂದು ಜಾಗ್ರತೆ. ನಾಲ್ಕರ ನಂತರ ಮತ್ತೆ ಒತ್ತಿದರೆ ನ್ಯೂಟ್ರಲ್, ಮತ್ತೆ ಒತ್ತಿದರೆ ಒಂದು. ಕೆಲವು ಗಾಡಿಗಳಲ್ಲಿ ಓಡುವಾಗ ಇದಕ್ಕೆ ತಡೆ ಇರುತ್ತೆ, ಕೆಲವಲ್ಲಿ ಇಲ್ಲ. ಓಡುವಾಗ ಒಂದಕ್ಕೆ ಬಿದ್ದರೆ ಹಿಂದಿನ ಚಕ್ರ ಕಚ್ಚಿಕೊಂಡು ಜಾರುತ್ತೆ. ಎಷ್ಟನೇ ಗೇರಲ್ಲಿದ್ದೀರಿ ಅಂತ ಲೆಕ್ಕ ತಪ್ಪಿದರೆ ಒತ್ತಬೇಡಿ, ಬ್ರೇಕಲ್ಲಿ ನಿಧಾನ ಮಾಡಿ ಹಿಮ್ಮಡಿಯಲ್ಲಿ ಇಳಿಸುತ್ತಾ ಬನ್ನಿ.

ಮಳೆಯಲ್ಲಿ ಡ್ರಮ್ ಬ್ರೇಕಿಗೆ ನೀರು ಹೊಕ್ಕಿದ್ದರೆ ಮೊದಲ ತಿರುವಿಗೆ ಮುಂಚೆಯೇ, ನೇರ ರಸ್ತೆಯಲ್ಲಿ ಹಗುರಾಗಿ ಒತ್ತಿ ಸ್ವಲ್ಪ ದೂರ ಎಳೆಯಿರಿ. ಬ್ರೇಕ್ ಮತ್ತೆ ಹಿಡಿದಿದ್ದು ಕಾಲಿಗೇ ಗೊತ್ತಾಗುತ್ತೆ.