11 ವರ್ಷಗಳಿಂದ ಒಂದೇ ಕಂಪನಿಯ ಫೋನ್: ಈಗ ಬದಲಿಸಬಹುದೇ?

ಪ್ರಶ್ನೆ, ತಿಪಟೂರಿನಿಂದ:
ನಮ್ಮ ತಂದೆಯವರಿಗೆ 68 ವರ್ಷ. 11 ವರ್ಷಗಳಿಂದ ಒಂದೇ ಕಂಪನಿಯ ಫೋನುಗಳನ್ನು ಬಳಸುತ್ತಿದ್ದಾರೆ. ಈಗಿನದು ತೀರ ನಿಧಾನವಾಗಿದೆ. ಅಂಗಡಿಯವರೂ ಮನೆಯ ಹುಡುಗರೂ ಬೇರೊಂದು ಕಂಪನಿಯ ಹೆಸರು ಹೇಳುತ್ತಿದ್ದಾರೆ, ಅಪ್ಪ ಒಪ್ಪುತ್ತಿಲ್ಲ. 15,000 ರೂಪಾಯಿಯೊಳಗೆ ಕೊಳ್ಳಬೇಕು. ಕಂಪನಿ ಬದಲಿಸಿದವರು, ಬದಲಿಸದೆ ಉಳಿದವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ಹಾಸನದಿಂದ:
ನಾನು 2005ರಿಂದ 13 ವರ್ಷ ಮೊಬೈಲ್ ಅಂಗಡಿ ನಡೆಸಿದವನು. ಆರಂಭದಲ್ಲಿ ಗಿರಾಕಿಗಳು ಫೋನ್ ಕೇಳುತ್ತಿರಲಿಲ್ಲ, ನೋಕಿಯಾ ಕೇಳುತ್ತಿದ್ದರು. 2003ರಲ್ಲಿ ಬಂದ 1100 ಮಾದರಿಯ ಟಾರ್ಚ್ ನಮ್ಮ ಕಡೆಯ ಹಳ್ಳಿಗಳಲ್ಲಿ ಕರೆಯಷ್ಟೇ ಉಪಯೋಗಕ್ಕೆ ಬರುತ್ತಿತ್ತು. ಆದರೆ ಆ ನಿಷ್ಠೆಯಲ್ಲಿ ಅರ್ಧ ಪಾಲು ಚಾರ್ಜರಿನದೆಂದು ನನಗೆ ಹೊಳೆದದ್ದು ತಡವಾಗಿ. ನೆಂಟರ ಮನೆಯಲ್ಲೂ ಹೋಟೆಲಿನ ಗಲ್ಲಾದ ಪಕ್ಕದಲ್ಲೂ ನೋಕಿಯಾ ಪಿನ್ನಿನ ಚಾರ್ಜರ್ ಇದ್ದೇ ಇರುತ್ತಿತ್ತು, ಬಿಎಲ್-5ಸಿ ಬ್ಯಾಟರಿ ಯಾವ ಊರಿನ ಸಣ್ಣ ಅಂಗಡಿಯಲ್ಲೂ ಸಿಗುತ್ತಿತ್ತು. ಮೈಕ್ರೋಮ್ಯಾಕ್ಸ್, ಕಾರ್ಬನ್ ಕಂಪನಿಗಳು ಎರಡು ಸಿಮ್ಮಿನ ಫೋನುಗಳನ್ನು ಅಗ್ಗಕ್ಕೆ ತಂದಾಗ ನೋಕಿಯಾ ತಡಮಾಡಿತು. ಬೇರೆ ಯಾವುದನ್ನೂ ಮುಟ್ಟುವುದಿಲ್ಲ ಎನ್ನುತ್ತಿದ್ದವರೇ ಮೊದಲು ಬಂದು ಹಳೆಯದನ್ನು ಕೊಟ್ಟು ಹೋದರು. 2014ರಲ್ಲಿ ನೋಕಿಯಾದ ಫೋನ್ ವ್ಯವಹಾರ ಮೈಕ್ರೋಸಾಫ್ಟ್ ಪಾಲಾಯಿತು, ಅದೇ ವರ್ಷ ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿದ್ದ ಅದರ ಕಾರ್ಖಾನೆಯೂ ನಿಂತಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಎಲ್ಲರಿಗೂ 4ಜಿ ಬೇಕಾಗಿ, ಮೈಕ್ರೋಮ್ಯಾಕ್ಸಿನ ಜಾಗಕ್ಕೆ ಶಿಯೋಮಿ, ವಿವೊ, ಒಪ್ಪೊ ಬಂದು ಕುಳಿತವು.

ಅಂಗಡಿಯವರ ಸಲಹೆಯ ಬಗ್ಗೆ, ನಾನೂ ಅದೇ ಕೆಲಸ ಮಾಡಿದವನಾದ್ದರಿಂದ, ಹೇಳಲೇಬೇಕು: ಯಾವ ಕಂಪನಿಯ ತಿಂಗಳ ಸ್ಕೀಮಿನಲ್ಲಿ ನನಗೆ ಹೆಚ್ಚು ಉಳಿಯುತ್ತಿತ್ತೋ ಅದೇ ಆ ತಿಂಗಳು "ಎಲ್ಲರೂ ತೆಗೆದುಕೊಳ್ಳುತ್ತಿರುವ ಫೋನ್" ಆಗುತ್ತಿತ್ತು.

ಶಿವಮೊಗ್ಗದಿಂದ:
ಕಳೆದ ವರ್ಷ ಅಮ್ಮನಿಗೆ ಬೇರೆ ಕಂಪನಿಯ ಫೋನ್ ಕೊಡಿಸಿ ನಾನು ಪಶ್ಚಾತ್ತಾಪಪಟ್ಟೆ. ಹಳೆಯದರಲ್ಲಿ ಕರೆ ಬಂದಾಗ ಪಕ್ಕಕ್ಕೆ ಸರಿಸಬೇಕಿತ್ತು, ಹೊಸದರಲ್ಲಿ ಮೇಲಕ್ಕೆ; ಒಂದು ವಾರ ಅವರು ಯಾರ ಕರೆಯನ್ನೂ ಎತ್ತಲಿಲ್ಲ. ಜೊತೆಗೆ ದಿನವಿಡೀ ಬರುವ ಜಾಹೀರಾತಿನ ಸೂಚನೆಗಳನ್ನು ಒಂದೊಂದಾಗಿ ನಿಲ್ಲಿಸಬೇಕಾಯಿತು. ಈಗ ಅಭ್ಯಾಸವಾಗಿದೆ, ಆದರೂ ಹಳೆಯ ಫೋನನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ.

ಬೆಂಗಳೂರಿನಿಂದ:
ಕಂಪನಿಯ ಹೆಸರು ಒಂದೇ ಆದರೂ ಅದರ ಮಾತು ಎಲ್ಲ ಫೋನಿಗೂ ಒಂದೇ ಅಲ್ಲ. ಗೂಗಲ್‌ನ 2023ರ ಪಿಕ್ಸೆಲ್ 8, ಸ್ಯಾಮ್‌ಸಂಗ್‌ನ 2024ರ ಗ್ಯಾಲಕ್ಸಿ ಎಸ್24 ಮಾದರಿಗಳಿಗೆ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಆ ಕಂಪನಿಗಳು ಹೇಳಿವೆ. ಅದೇ ಹೆಸರು ಹೊತ್ತ ಅಗ್ಗದ ಮಾದರಿಗಳೆಲ್ಲಕ್ಕೂ ಅಷ್ಟು ವರ್ಷ ಸಿಗುವುದಿಲ್ಲ. ಆದ್ದರಿಂದ ತಂದೆಯವರ ಮೆಚ್ಚಿನ ಕಂಪನಿಯಲ್ಲೇ ಕೊಂಡರೂ, ನಿಮ್ಮ ಬೆಲೆಯ ಮಾದರಿಗೆ ಎಷ್ಟು ವರ್ಷದ ಭದ್ರತಾ ಅಪ್‌ಡೇಟ್ ಇದೆಯೆಂದು ನೋಡಿ. ಸರ್ವಿಸ್ ಸೆಂಟರ್ ಎಲ್ಲಿದೆಯೆಂದು ಸಹ ವಿಚಾರಿಸಿ. ನಾನೊಮ್ಮೆ ಪರದೆ ಬದಲಿಸಲು ಒಂದು ಸೆಂಟರಿಗೆ ನಾಲ್ಕು ಬಾರಿ ಅಲೆದು, ಕೊನೆಗೆ ಆ ಕಂಪನಿಯನ್ನೇ ಬಿಟ್ಟೆ. ಫೋನಿನ ಮೇಲೆ ನನಗೆ ಯಾವ ದೂರೂ ಇರಲಿಲ್ಲ.

ತಿಪಟೂರಿನಿಂದ, ಮತ್ತೆ:
ಎಲ್ಲರಿಗೂ ಧನ್ಯವಾದಗಳು. ನಿಮ್ಮ ಮಾತುಗಳನ್ನು ಓದಿ, ಅದೇ ಕಂಪನಿ ಏಕೆ ಬೇಕೆಂದು ಅಪ್ಪನನ್ನು ಇವತ್ತು ನೇರವಾಗಿ ಕೇಳಿದೆ. ಕ್ಯಾಮೆರಾವೂ ಅಲ್ಲ, ಬ್ಯಾಟರಿಯೂ ಅಲ್ಲ; ಅದರ ರಿಂಗಿನ ಸದ್ದು ತೋಟದ ಕೊನೆಯ ಸಾಲಿನಲ್ಲಿದ್ದರೂ ಕೇಳಿಸುತ್ತದೆ, ಬೇರೆ ಫೋನುಗಳದು ತನ್ನದೋ ಪಕ್ಕದವರದೋ ತಿಳಿಯುವುದಿಲ್ಲ ಎಂದರು. ಆ ಸದ್ದನ್ನು ಬೇರೆ ಕಂಪನಿಯ ಫೋನಿಗೆ ಹಾಕಲು ಸಾಧ್ಯವೇ?

ಶಿವಮೊಗ್ಗದಿಂದ:
ಖಂಡಿತ ಸಾಧ್ಯ. ಹಳೆಯ ಫೋನಿಗೆ ಕರೆ ಮಾಡಿ, ಅದು ಮೊಳಗುವಾಗ ಹೊಸದರ ರೆಕಾರ್ಡರ್‌ನಲ್ಲಿ ದಾಖಲಿಸಿಕೊಂಡು ಅದನ್ನೇ ರಿಂಗ್‌ಟೋನ್ ಆಗಿ ಇಟ್ಟರಾಯಿತು. ನಮ್ಮಮ್ಮನಿಗೂ ಹಾಗೆಯೇ ಮಾಡಿಕೊಟ್ಟೆ. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿಯೂ ಸೇರಿಕೊಂಡಿದೆ, ಅವರು ತೆಗೆಯಲು ಬಿಡುತ್ತಿಲ್ಲ.